ಕುಂಕುಮ ಹಚ್ಚಿದ ಬೆಲ್ಟು

ಹೊಸದಾಗಿ ಸರ್ಕಾರಿ ವಕೀಲರ ಕೆಲಸಕ್ಕೆ ಆಯ್ಕೆಯಾದ ಹುಡುಗ ಹುಡುಗಿಯರು ರಾಜಗೋಪಾಲನಗರದ ನನ್ನ ಮನೆಗೆ ಆಗಾಗ ಬರ್ತಾರೆ. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಒಂದೇ ಪ್ರಶ್ನೆ ಕೇಳ್ತಾರೆ: "ಮೇಡಂ, ಸಾಕ್ಷ್ಯದ ಕಾನೂನಿಗೆ ಯಾವ ಪುಸ್ತಕ ಓದಿದ್ರೆ ಒಳ್ಳೇದು?" ನನಗೆ ಕೋಪ ಮೂಗಿನ ತುದೀಲೇ ಇರುತ್ತೆ. ನಿವೃತ್ತಿ ಆದ್ರೆ ಕಡಿಮೆ ಆಗುತ್ತೆ ಅಂತ ಮನೆಯವರು ಕಾದಿದ್ದೇ ಬಂತು. "ಪುಸ್ತಕ ಎಲ್ಲೂ ಓಡಿ ಹೋಗಲ್ಲ, ಮೊದಲು ಈ ಕಿಟಕಿ ಹತ್ರ ಬನ್ರಪ್ಪಾ" ಅಂತೀನಿ. ಕಿಟಕಿಯ ಆಚೆ ಪೀಣ್ಯದ ಶೆಡ್ಡುಗಳು. ಬೆಳಗಿನಿಂದ ಸಂಜೆವರೆಗೂ ಧಡ್ ಧಡ್ ಅಂತ ಸದ್ದು.

"ಏನದು?" ಅಂತ ಕೇಳ್ತೀನಿ.

"ಪ್ರೆಸ್ ಮಷೀನು ಮೇಡಂ."

"ನೋಡಿದ್ಯಾ?"

"ಇಲ್ಲ."

"ಮತ್ತೆ ಹೇಗೆ ಗೊತ್ತು?"

ಮುಖ ಮುಖ ನೋಡ್ಕೋತಾರೆ. ನಾನೂ ಒಂದು ಕಾಲದಲ್ಲಿ ಹಾಗೇ ಬೆಪ್ಪಾಗಿ ನಿಂತಿದ್ದೆ. ಆ ಪ್ರಶ್ನೆ ನನ್ನದಲ್ಲ, ನನ್ನ ಮೊದಲ ಮೇಲಧಿಕಾರಿಯದ್ದು. ಹಿರಿಯ ಸರ್ಕಾರಿ ವಕೀಲರು, ಬೆಳ್ಳಗಿನ ಮೀಸೆ, ಮಾತು ಕಡಿಮೆ. ಯಾರು ಏನೇ ಹೇಳಲಿ, "ಹೇಗೆ ಗೊತ್ತು?" ಅಂತ ಕೇಳೋದು ಅವರ ಚಾಳಿ. ನಾವೆಲ್ಲ ಬೆನ್ನ ಹಿಂದೆ ಅವರನ್ನ 'ಹೇಗ್ಗೊತ್ತು ಸಾರ್' ಅಂತಲೇ ಕರೀತಿದ್ವಿ. ಒಂದು ಮಧ್ಯಾಹ್ನ ಆಫೀಸಿನ ಜವಾನ ಬಂದು, "ಸಾರ್, ಕ್ಯಾಂಟೀನಲ್ಲಿ ವಡೆ ಖಾಲಿ" ಅಂದ. "ಹೇಗೆ ಗೊತ್ತು? ನೀನು ನೋಡಿದ್ಯೋ, ಯಾರಾದ್ರೂ ಹೇಳಿದ್ರೋ?" ಗುಮಾಸ್ತರು ಹೇಳಿದ್ರಂತೆ. ಸಾರ್ ಎದ್ದರು, ತಾವೇ ಕ್ಯಾಂಟೀನಿಗೆ ಹೋದರು, ಬಾಯಿ ಒರೆಸಿಕೊಳ್ತಾ ವಾಪಸ್ ಬಂದು ನನ್ನ ಕಡೆ ತಿರುಗಿದರು. "ಎರಡಿತ್ತು. ಒಂದು ನಿಂಗೆ ಬಿಟ್ಟಿದೀನಿ ಕಣಮ್ಮ, ಹೋಗಿ ತಿನ್ನು." ಬೇರೆಯವರಿಂದ ಕೇಳಿದ ಮಾತು ಸಾಕ್ಷ್ಯ ಅಲ್ಲ ಅಂತ ಲಾ ಕಾಲೇಜಿನಲ್ಲಿ ಉರು ಹೊಡೆದಿದ್ದೆ. ನಿಜವಾಗಿ ತಲೆಗೆ ಹೋಗಿದ್ದು ಆ ವಡೆ ತಿಂದ ದಿನ.

ಇನ್ನೊಂದು ಮಾತೂ ಅವರೇ ಕಲಿಸಿದ್ದು. ಒಂದು ಕೇಸು ಬಿದ್ದುಹೋಗಿ ನಾನು ಆರೋಪಿಯನ್ನೂ ಜಡ್ಜನ್ನೂ ಸೇರಿಸಿ ಬೈತಾ ಕೂತಿದ್ದೆ. ಅವರು ಅಂದ್ರು: "ಸಿವಿಲ್ ಕೇಸಲ್ಲಿ ತಕ್ಕಡಿ ಒಂಚೂರು ಈ ಕಡೆ ವಾಲಿದ್ರೂ ಸಾಕಮ್ಮ, ಗೆದ್ದ ಹಾಗೆ. ನಮ್ಮ ಕಡೆ ಹಾಗಲ್ಲ. ಜಡ್ಜ್ ಮನಸ್ಸಲ್ಲಿ ನ್ಯಾಯವಾದ ಒಂದು ಅನುಮಾನ ಉಳೀತೋ, ಅವನು ಮನೆಗೆ ಹೋಗ್ತಾನೆ. ಹೋಗಲೇಬೇಕು. ನಾಳೆ ಆ ಕಟಕಟೇಲಿ ನಿನ್ನ ತಮ್ಮನೇ ನಿಂತಿರಬಹುದು." ಅವತ್ತು ನನಗೆ ಅವರ ಮೇಲೂ ಸಿಟ್ಟು ಬಂದಿತ್ತು. ಈಗ ಅವರಿಲ್ಲ. ಇದ್ದಿದ್ರೆ ಕಾಲಿಗೆ ಬೀಳ್ತಿದ್ದೆ.

ಸರ್ವಿಸಿಗೆ ಸೇರಿದಾಗ ಸಾಕ್ಷ್ಯ ಅಂದ್ರೆ ಗೋಣಿಚೀಲ. ಮಚ್ಚು, ದೊಣ್ಣೆ, ರಕ್ತದ ಅಂಗಿ, ಎಲ್ಲದಕ್ಕೂ ಅರಗಿನ ಮುದ್ರೆ. ಆಮೇಲೆ ಕ್ಯಾಮೆರಾ ಕಾಲ ಬಂತು ನೋಡಿ, ಶುರುವಾಯ್ತು ತಮಾಷೆ. ಕುಂದಲಹಳ್ಳಿ ಕಡೆಯ ಒಂದು ಪಿ.ಜಿ.ಯಲ್ಲಿ ಲ್ಯಾಪ್‌ಟಾಪ್ ಕಳ್ಳತನ. ಕಳ್ಳನ ಮುಖ ಕ್ಯಾಮೆರಾದಲ್ಲಿ ಕನ್ನಡಿ ಥರ ಬಿದ್ದಿತ್ತಂತೆ. ಪೊಲೀಸಪ್ಪ ಒಬ್ಬರು ಹೋಗಿ ಸಾಕ್ಷ್ಯ ವಶಪಡಿಸಿಕೊಂಡರು, ಬಟ್ಟೆ ಸುತ್ತಿ, ಹೊಲಿದು, ಮುದ್ರೆ ಒತ್ತಿ ಕೋರ್ಟಿಗೂ ತಂದರು. ಬಿಚ್ಚಿ ನೋಡಿದ್ರೆ ಟೀವಿ! ಬರೀ ಟೀವಿ. ರೆಕಾರ್ಡ್ ಆಗೋ ಡಬ್ಬ ಪಿ.ಜಿ.ಯಲ್ಲೇ ಇತ್ತು, ಅಷ್ಟರಲ್ಲಿ ಅದರ ಮೇಲೆ ಹೊಸ ರೆಕಾರ್ಡಿಂಗ್ ಕೂತು ಹಳೇದು ಅಳಿಸಿಹೋಗಿತ್ತು. "ಮೇಡಂ, ಕಳ್ಳ ಇದರಲ್ಲೇ ಕಾಣಿಸಿದ್ದು, ನನ್ನ ಕಣ್ಣಾರೆ ನೋಡಿದೀನಿ" ಅಂತ ಆ ಪುಣ್ಯಾತ್ಮ ಪಾಪ ಅಷ್ಟು ಪ್ರಾಮಾಣಿಕವಾಗಿ ಹೇಳ್ತಿದ್ರೆ, ಬೈಯೋದಾ ನಗೋದಾ ತಿಳೀಲಿಲ್ಲ. ಮೊದಲು ಬೈದೆ, ಆಮೇಲೆ ಛೇಂಬರಿಗೆ ಬಂದು ಬಾಗಿಲು ಹಾಕ್ಕೊಂಡು ನಕ್ಕೆ.

ಹೀಗೆ ಹೇಳ್ತಾ ಹೋದ್ರೆ ಮುಗಿಯಲ್ಲ. ಆದರೆ ಈ ಮಕ್ಕಳಿಗೆ ನಾನು ಪೂರ್ತಿ ಹೇಳೋದು ಒಂದೇ ಕೇಸು. ಸರ್ವಿಸಿನ ಕೊನೆಯ ವರ್ಷಗಳಲ್ಲಿ ಬಂದದ್ದು, ಹುಲಿಗೆಮ್ಮನದ್ದು.

ಹುಲಿಗೆಮ್ಮ ಕೊಪ್ಪಳದ ಕಡೆಯವಳು. ಗಂಡ ಗಾರೆ ಕೆಲಸ, ಇವಳು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರೆಸ್ ಮಷೀನು. ತಂಗಿ ನೀಲಮ್ಮನನ್ನೂ ಊರಿಂದ ಕರೆಸಿಕೊಂಡು ಜೊತೆಗಿಟ್ಟುಕೊಂಡಿದ್ದಳು. ಪ್ರೆಸ್ ಮಷೀನಿಗೆ ಎರಡು ಬಟನ್ ಇರುತ್ತೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗೆ ಬೀಳುತ್ತೆ. ಕೈ ಎರಡೂ ಬಟನ್ ಮೇಲಿದ್ರೆ ಅಚ್ಚಿನ ಕೆಳಗೆ ಸಿಕ್ಕೋದು ಹೇಗೆ? ಅದೇ ಅದರ ಕಾವಲು. ಆದರೆ ಹಾಗೆ ಮಾಡಿದ್ರೆ ಕೆಲಸ ನಿಧಾನ. ಅದಕ್ಕೆ ಕೆಲವು ಕಡೆ ಒಂದು ಬಟನ್ನನ್ನ ಒತ್ತಿ ಹಿಡಿದು ರಬ್ಬರ್ ಬೆಲ್ಟ್ ಬಿಗಿದುಬಿಡ್ತಾರೆ. ಆಗ ಒಂದು ಕೈಯಲ್ಲಿ ಬಟನ್, ಇನ್ನೊಂದು ಕೈಯಲ್ಲಿ ತಗಡು. ಹುಲಿಗೆಮ್ಮನ ಬಲಗೈ ತಗಡು ಸರಿಸ್ತಿದ್ದಾಗ ಅಚ್ಚು ಬಿತ್ತು. ಹೆಬ್ಬೆರಳೊಂದು ಉಳೀತು.

ಮಾಲೀಕನ ಮೇಲೆ ನಿರ್ಲಕ್ಷ್ಯದ ಕೇಸಾಯ್ತು. ಅವನ ವಾದ ಒಂದೇ ಸಾಲು: "ಬೆಲ್ಟ್ ವಿಷಯ ನಂಗೆ ಗೊತ್ತೇ ಇಲ್ಲ, ಬೇಗ ಮುಗಿಸೋ ಆಸೆಗೆ ಅವಳೇ ಕಟ್ಕೊಂಡಿದ್ದಾಳೆ." ಕೋರ್ಟಿಗೆ ಹೇಳೋದಕ್ಕೂ ಮುಂಚೆ ಆ ಮಾತು ಇಡೀ ಏರಿಯಾ ಸುತ್ತಿತ್ತು. ಕೈ ವಾಸಿಯಾದ ಮೇಲೆ ಹುಲಿಗೆಮ್ಮ ಪ್ಯಾಕಿಂಗ್ ಕೆಲಸ ಕೇಳಿಕೊಂಡು ಯಾವ ಗೇಟಿಗೆ ಹೋದರೂ, "ಬೆಲ್ಟ್ ಕಟ್ಟಿದ ಹೆಂಗಸಲ್ವಾ ನೀನು?" ಅಂತ ವಾಪಸ್ ಕಳಿಸೋರು. ಗಂಡನೂ ಕುಡಿದಾಗ ಅದನ್ನೇ ಎತ್ತಿ ಆಡೋನು.

ಮೊದಲ ಸಲ ನನ್ನ ಛೇಂಬರಿಗೆ ಬಂದಾಗ ಬಲಗೈ ಸೆರಗಿನೊಳಗಿತ್ತು. ಕೂತಾಗಲೂ ತೆಗೀಲಿಲ್ಲ, ನೀರು ಕುಡಿದಾಗಲೂ ತೆಗೀಲಿಲ್ಲ. ಪರಿಹಾರದ ಕೇಸು ಬೇರೆ ಕಡೆ ನಡೀತಿದೆ, ಅಲ್ಲಿ ತಕ್ಕಡಿ ವಾಲಿದ್ರೆ ಸಾಕು, ಅದು ನಿನಗೆ ಆಗೇ ಆಗುತ್ತೆ, ಇಲ್ಲಿ ಮಾತ್ರ ಕಷ್ಟ ಇದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಅದು ಬರಲಿ ಬಿಡಲಿ ಮೇಡಂ" ಅಂದಳು. "ನಾ ಬೆಲ್ಟ್ ಕಟ್ಟಿಲ್ರೀ. ನನ್ನ ಕೈ ನಾನ ಕಡಕೊಂಡೀನಿ ಅಂತಾರ್ರೀ ಮಂದಿ. ಅದೊಂದು ಬರೀಬ್ಯಾಡ್ರಿ ಅಂತ ಹೇಳ್ರಿ ಜಡ್ಜ್ ಸಾಹೇಬ್ರಿಗೆ."

ಅವಳನ್ನೇ ಮೊದಲ ಸಾಕ್ಷಿಯಾಗಿ ಹತ್ತಿಸಿದೆ. ಆರೋಪಿ ಪರ ವಕೀಲರು ವಯಸ್ಸಾದವರು, ಬಹಳ ನಯ. "ತಾಯಿ" ಅಂತಲೇ ಶುರು ಮಾಡಿ, "ನೀವೇ ಬೆಲ್ಟ್ ಕಟ್ಕೊಂಡ್ರಿ ಅಂತ ಹೇಳ್ತೀನಿ, ಏನಂತೀರಿ?" ಅಂತ ಮುಗಿಸಿದರು. "ಸುಳ್ಳರೀ!" ಅಂತ ಇವಳು ಕೂಗಿದ್ದು ಹೊರಗಿನವರೆಗೂ ಕೇಳಿಸ್ತು. ಹೊರಗೆ ಬಂದು ನನ್ನನ್ನ ಹಿಡಕೊಂಡಳು: "ಅವರು ಕೇಳಿದ್ದನ್ನೂ ಟೈಪ್ ಮಾಡ್ಕೊಂಡ್ರಲ್ರೀ ಮೇಡಂ!" ವಕೀಲರ ಪ್ರಶ್ನೆ ಸಾಕ್ಷ್ಯ ಅಲ್ಲಮ್ಮ, ನಿನ್ನ ಉತ್ತರ ಮಾತ್ರ ಸಾಕ್ಷ್ಯ ಅಂತ ಸಮಾಧಾನ ಮಾಡಿದೆ. "ಅದು ಇಲ್ಲಿ ಆತ್ರೀ. ನಮ್ಮ ಓಣ್ಯಾಗ ಪ್ರಶ್ನೇನ ಸಾಕ್ಷಿ" ಅಂದಳು.

ಎರಡನೇ ಸಾಕ್ಷಿ ಗಂಗಾಧರ, ಕಾರ್ಖಾನೆ ಎದುರಿನ ಟೀ ಅಂಗಡಿಯವನು. ಪೊಲೀಸರು ಎಲ್ಲಿ ಏನು ವಶಪಡಿಸಿಕೊಂಡರೂ ಇಬ್ಬರು ಪಂಚರು ನೋಡಿ ಸಹಿ ಹಾಕಬೇಕು ಅನ್ನೋದು ಕಾನೂನು. ಆ ಬೀದಿಯ ಅಷ್ಟೂ ಕೇಸಿಗೆ ಪಂಚ ಇವನೇ. ಮಷೀನಿನ ಹತ್ರ ಬಿದ್ದಿದ್ದ ಕತ್ತರಿಸಿದ ಬೆಲ್ಟಿನ ತುಂಡನ್ನ ಇವನ ಎದುರಿಗೇ ತಗೊಂಡಿದ್ದು ಅಂತ ಪೊಲೀಸರು ಬರೆದಿದ್ದರು.

"ಬೆಲ್ಟ್ ಎಲ್ಲಿ ಸಿಕ್ಕಿತು ಗಂಗಾಧರ?"

"ಏನೋ ನಂಗೊತ್ತಿಲ್ಲ ಮೇಡಂ. ನಾನು ಒಳಿಕ್ಕೇ ಓಗಿಲ್ಲ. ಟೀ ಕುಡಿಯಾಕೆ ಬಂದಿದ್ರು, ಆಲು ಉಕ್ತಾ ಇತ್ತು, ಅಂಗೇ ಒಂದು ಸೈನ್ ಆಕ್ದೆ."

ಇಡೀ ಕೋರ್ಟು ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯ್ತು. ಹೊರಗೆ ಬಂದು ಅವನಿಗೆ ಚೆನ್ನಾಗಿ ಮಂಗಳಾರತಿ ಮಾಡಿದೆ. ಅವನು ತಲೆ ಕೆರ್ಕೊಂಡು, "ದ್ಯಾವ್ರ ಮೇಲೆ ಪ್ರಮಾಣ ಮಾಡಿಸ್ಬಿಟ್ರಲ್ಲ ಮೇಡಂ, ಇನ್ನೇನು ಏಳ್ಲಿ?" ಅಂದ. ಯೋಚಿಸಿದ್ರೆ ಅವನು ಮಾಡಿದ್ದರಲ್ಲಿ ತಪ್ಪೇನಿದೆ? ನನಗೆ ಬೇಕಾದ ಸುಳ್ಳು ಹೇಳಲಿಲ್ಲ, ಅಷ್ಟೇ. ಆದರೆ ನನ್ನ ಕೇಸು ಮಾತ್ರ ಗೋವಿಂದ ಆಗೋ ಹಾಗಿತ್ತು. ಉಳಿದವನು ಒಬ್ಬನೇ ಗಟ್ಟಿ ಸಾಕ್ಷಿ, ಕಾರ್ಖಾನೆಯ ಸೂಪರ್‌ವೈಸರ್ ರಾಜಣ್ಣ. ಅವನು ಇನ್ನೂ ಅದೇ ಮಾಲೀಕನ ಕೈಕೆಳಗೆ ಕೆಲಸ ಮಾಡ್ತಿದ್ದ. ಕಟಕಟೆಗೆ ಬಂದು ಏನು ಹೇಳ್ತಾನೆ ಅಂತ ಊಹಿಸೋಕೆ ಜ್ಯೋತಿಷ್ಯ ಬೇಕಿರಲಿಲ್ಲ.

ಅಷ್ಟರಲ್ಲಿ ದಸರಾ ಬಂತು. ಆಯುಧಪೂಜೆಗೆ ನನ್ನ ಸ್ಕೂಟರನ್ನೂ ತೊಳೆದು, ವಿಭೂತಿ ಪಟ್ಟೆ ಎಳೆದು, ಕುಂಕುಮ ಇಟ್ಟು, ಹ್ಯಾಂಡಲಿಗೆ ಚೆಂಡುಹೂವು ಸುತ್ತಿದ್ದೆ. ರಜೆ ಮುಗಿದ ಮೇಲೂ ನಾನು ಅದನ್ನ ತೆಗೆದಿರಲಿಲ್ಲ. ಮುಂದಿನ ವಿಚಾರಣೆ ಯಾವಾಗ ಅಂತ ಕೇಳೋಕೆ ಹುಲಿಗೆಮ್ಮ ಬಂದವಳು ಕೋರ್ಟಿನ ಅಂಗಳದಲ್ಲಿ ಸ್ಕೂಟರ್ ಪಕ್ಕ ನಿಂತಿದ್ದಳು. ಎಡಗೈ ಬೆರಳಿನಿಂದ ಬ್ರೇಕಿನ ಮೇಲಿದ್ದ ಕುಂಕುಮವನ್ನ ಮೆಲ್ಲಗೆ ಮುಟ್ಟಿದಳು.

"ಬ್ರೇಕಿಗೂ ಹಚ್ಚೀರಲ್ರೀ ಮೇಡಂ."

"ಎಲ್ಲದಕ್ಕೂ ಹಚ್ಚಬೇಕಲ್ವೇನಮ್ಮ."

"ನಮ್ಮಲ್ಲೂ ಹಂಗ ರೀ. ಸಾವ್ಕಾರ್ರು ತಾವ ಕೈಯಾರೆ ಹಚ್ಚೋರು. ಬಟನ್ನಿಗೆ, ಅಚ್ಚಿಗೆ, ಬೆಲ್ಟಿಗೆ. ಒಂದೂ ಬಿಡತಿದ್ದಿಲ್ಲ."

ನಾನು ಬ್ಯಾಗು ಸ್ಕೂಟರ್ ಮೇಲಿಟ್ಟೆ.

"ಏನಂದೆ? ಬೆಲ್ಟಿಗಾ? ಪೂಜೆ ದಿನ ಬೆಲ್ಟ್ ಇತ್ತಾ?"

"ಯಾವಾಗ್ಲೂ ಇರ್ತಿತ್ರಿ. ನಾ ಕೆಲಸಕ್ಕ ಸೇರೂಕಿಂತ ಮೊದಲಿಂದಾನೂ."

"ಹೇಗೆ ಗೊ..." ಅಂತ ಬಾಯಿಗೆ ಬಂದದ್ದನ್ನ ನುಂಗಿಕೊಂಡು, "ಪೂಜೆ ದಿನ ಫೋಟೋ ತೆಗೆದಿದ್ರಾ?" ಅಂತ ಕೇಳಿದೆ. ಪೀಣ್ಯದಲ್ಲಿ ಆಯುಧಪೂಜೆ ದಿನ ಹೊಸ ಸೀರೆ ಉಟ್ಟು ತಮ್ಮ ಮಷೀನಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳದವರು ಯಾರಿದ್ದಾರೆ? ಆ ದಿನ ಮನೆಯವರನ್ನೂ ಒಳಗೆ ಬಿಡ್ತಾರೆ.

ಅವಳು ತಲೆ ಬಗ್ಗಿಸಿದಳು. "ಐತ್ರಿ. ನಮ್ಮ ತಂಗಿ ನೀಲಿ ತೆಗದಾಳ, ನನ್ನ ಫೋನಿನ್ಯಾಗ. ಅಳಸಾಕ ಮನಸ್ಸು ಬರಲಿಲ್ರೀ, ನೋಡಾಕ ಧೈರ್ಯ ಬರಲಿಲ್ಲ."

ಫೋನಿನ ಲಾಕ್ ತೆಗೆದು ನನ್ನ ಕೈಗೆ ಕೊಟ್ಟು, ತಾನು ಆ ಕಡೆ ತಿರುಗಿ ನಿಂತಳು. ಗಾಜು ಒಡೆದ ಹಳೇ ಫೋನು. ಹಸಿರು ಸೀರೆ, ಮುಡಿ ತುಂಬ ಹೂವು, ನಗು. ಬಲಗೈಯನ್ನ ಮಷೀನಿನ ನೆತ್ತಿಯ ಮೇಲೆ ಹೆಮ್ಮೆಯಿಂದ ಇಟ್ಟಿದ್ದಳು, ಐದೂ ಬೆರಳು ಅಗಲಿಸಿ, ಮಣಿಕಟ್ಟಿನ ತುಂಬ ಬಳೆ. ಕೈಯ ಕೆಳಗೆ ಬಟನ್ನು, ಬಟನ್ನಿನ ಮೇಲೆ ಬಿಗಿದ ಕಪ್ಪು ಬೆಲ್ಟು, ಬೆಲ್ಟಿನ ಮೇಲೆ ದೊಡ್ಡ ಕುಂಕುಮದ ಬೊಟ್ಟು. ಪಕ್ಕದಲ್ಲಿ ಮಾಲೀಕ ಆರತಿ ತಟ್ಟೆ ಹಿಡಿದಿದ್ದಾನೆ, ರಾಜಣ್ಣ ತೆಂಗಿನಕಾಯಿ ಹಿಡಿದಿದ್ದಾನೆ. ಹಿಂದೆ ಸಾಲಾಗಿ ಬೇರೆ ಮಷೀನುಗಳು, ಅವಕ್ಕೂ ಬೆಲ್ಟು, ಬೆಲ್ಟಿಗೂ ಬೊಟ್ಟು. ನನಗೆ ಕಣ್ಣು ಮಂಜಾಯ್ತು. ಕೇಸಿಗೆ ಸಿಕ್ಕಿದ್ದಕ್ಕೋ, ಆ ಐದು ಬೆರಳಿಗೋ, ಈಗಲೂ ಹೇಳಲಾರೆ.

ಫೋಟೋ ಸಿಕ್ಕಿದ ಕೂಡಲೇ ಸಾಕ್ಷ್ಯ ಆಯ್ತು ಅಂತ ಕುಣಿಬೇಡಿ ಮಕ್ಕಳೇ. ಮೊಬೈಲಿನ ಫೋಟೋಗೆ ಅದು ಯಾವ ಫೋನಿಂದ ಬಂತು ಅಂತ ಒಂದು ಪ್ರಮಾಣಪತ್ರ ಬೇಕು. ಈಗ ಕಾಯ್ದೆಯ ಹೆಸರು ಬದಲಾಗಿದೆ, ಸೆಕ್ಷನ್ ನಂಬರ್ ಬದಲಾಗಿದೆ, ಕೇಳೋದು ಇನ್ನೂ ಜಾಸ್ತಿಯಾಗಿದೆ. ಪ್ರಮಾಣಪತ್ರ ತಯಾರು ಮಾಡಿ, ಹುಲಿಗೆಮ್ಮನಿಗೆ ಕಷ್ಟ ಆಗಬಾರದು ಅಂತ ಇಂಕ್ ಪ್ಯಾಡ್ ಮುಂದಿಟ್ಟೆ. ಅವಳು ಅದನ್ನ ಪಕ್ಕಕ್ಕೆ ಸರಿಸಿದಳು. "ಹೆಬ್ಬಟ್ಟು ಬ್ಯಾಡ್ರಿ. ಎಡಗೈಲೆ ಸಹಿ ಕಲಿತೀನಿ." ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂರಿಸಿ ಬರೆದಳು. ಫೋನನ್ನೂ ಕೋರ್ಟಿಗೆ ಒಪ್ಪಿಸಿದಳು. ಅನುಮತಿ ತಗೊಂಡು ಅವಳನ್ನ ಮತ್ತೆ ಕಟಕಟೆ ಹತ್ತಿಸಿದೆ, ಫೋಟೋ ತೆಗೆದ ನೀಲಮ್ಮನನ್ನೂ ಹತ್ತಿಸಿದೆ. ಆರೋಪಿ ಪರ ವಕೀಲರು, "ಇದು ಐಟಿ ಊರು ಸ್ವಾಮಿ, ವೈಟ್‌ಫೀಲ್ಡಿನಲ್ಲಿ ಯಾರನ್ನ ಕೇಳಿದ್ರೂ ಹತ್ತು ನಿಮಿಷದಲ್ಲಿ ಫೋಟೋಗೆ ಬೆಲ್ಟ್ ಅಂಟಿಸಿಕೊಡ್ತಾರೆ" ಅಂದರು. ಜಡ್ಜರಿಗೂ ನಗು ಬಂತು. ನಾನು ನಗಲಿಲ್ಲ, ಯಾಕಂದ್ರೆ ಅನುಮಾನ ಹುಟ್ಟೋದು ಹಾಗೇ.

ಕೊನೆಗೆ ರಾಜಣ್ಣ ಬಂದ. ಅಂದುಕೊಂಡ ಹಾಗೇ, "ಬೆಲ್ಟ್ ಯಾವತ್ತೂ ಇರ್ಲಿಲ್ಲ, ಆವತ್ತು ಆಯಮ್ಮನೇ ಕಟ್ಕೊಂಡಿದ್ದು" ಅಂದ. ನನ್ನ ಸಾಕ್ಷಿಯೇ ತಿರುಗಿ ಬಿದ್ದಿದ್ದಾನೆ, ಪಾಟೀಸವಾಲಿಗೆ ಅನುಮತಿ ಕೊಡಿ ಅಂತ ಜಡ್ಜರನ್ನ ಕೇಳಿದೆ. ಕೊಟ್ಟರು. ಕಿರುಚಾಡಬೇಕು ಅನ್ನಿಸಿತ್ತು. ಹೇಗ್ಗೊತ್ತು ಸಾರ್ ನೆನಪಾಗಿ ಧ್ವನಿ ತಗ್ಗಿಸಿದೆ.

"ರಾಜಣ್ಣ, ಈ ಫೋಟೋದಲ್ಲಿ ತೆಂಗಿನಕಾಯಿ ಹಿಡಿದಿರೋರು ಯಾರು?"

"ನಾನೇ ಮೇಡಂ."

"ಆರತಿ ತಟ್ಟೆ?"

"ಸಾರು... ಓನರ್ರು."

"ಮಷೀನಿಗೆ ಕುಂಕುಮ ಯಾರು ಹಚ್ಚಿದ್ದು?"

"ಓನರ್ರೇ ಹಚ್ಚೋದು. ಬೇರೆಯವರು ಹಚ್ಚಂಗಿಲ್ಲ."

"ಯಾವ್ಯಾವುದಕ್ಕೆ ಹಚ್ಚಿದಾರೆ, ನೀವೇ ನೋಡಿ ಹೇಳಿ."

ಫೋಟೋ ಕೈಲಿ ಹಿಡ್ಕೊಂಡ. ಬಟನ್, ಅಚ್ಚು ಅಂತ ಹೇಳಿ ನಿಲ್ಲಿಸಿದ.

"ಹೇಳಿ ರಾಜಣ್ಣ. ಬಟನ್ ಮೇಲೆ ಕಪ್ಪಗಿದೆಯಲ್ಲ, ಬೊಟ್ಟು ಇದೆಯಲ್ಲ, ಏನದು?"

ಅವನು ಫೋಟೋವನ್ನ ಕಣ್ಣಿನ ಹತ್ತಿರ ತಂದ.

"ಹಿಂದಿನ ಸಾಲಿನ ಮಷೀನುಗಳಿಗೂ ಇದೆ. ಅಷ್ಟೂ ಬೆಲ್ಟನ್ನ ಹುಲಿಗೆಮ್ಮನೇ ಕಟ್ಟಿದಳೇನ್ರೀ?"

ರಾಜಣ್ಣ ಫೋಟೋವನ್ನೇ ನೋಡ್ತಾ ನಿಂತ. ಅವನು ನೋಡ್ತಿದ್ದದ್ದು ಬೆಲ್ಟನ್ನಲ್ಲ, ಮೇಲಿದ್ದ ಕೈಯನ್ನ ಅಂತ ನನಗೆ ಅನ್ನಿಸಿತು. ಆಮೇಲೆ ಜಡ್ಜರ ಕಡೆ ತಿರುಗಿದ. "ಎಲ್ಲಾ ಮಷೀನಿಗೂ ಇತ್ತು ಸಾರ್. ಪ್ರೊಡಕ್ಷನ್ ಬರ್ತಿಲ್ಲ ಅಂತ ಓನರ್ರೇ ಕಟ್ಟಿಸಿದ್ದು, ಈಯಮ್ಮ ಬರೋಕೆ ಮುಂಚೆನೇ. ನಾನೇ ಕಟ್ಟಿದ್ದು ಸಾರ್, ಅವರು ಹೇಳಿದ್ದಕ್ಕೆ. ಈಯಮ್ಮಂದು ಏನೂ ತಪ್ಪಿಲ್ಲ." ಹೇಳಿದವನೇ ಅತ್ತುಬಿಟ್ಟ. ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ ಹೇಳಿದ. ಹೋಯ್ತು ಕೂಡ. ಆ ಮನುಷ್ಯನಿಗೆ ನಾನು ಇವತ್ತಿಗೂ ಋಣಿ.

ಮಾಲೀಕನಿಗೆ ಶಿಕ್ಷೆಯಾಯ್ತು. ದೊಡ್ಡದೇನಲ್ಲ, ಮೇಲ್ಮನವಿಗೂ ಹೋದ. ಹುಲಿಗೆಮ್ಮ ಅದನ್ನೆಲ್ಲ ಕೇಳಲೇ ಇಲ್ಲ. ವರಾಂಡದಲ್ಲಿ ನನ್ನ ಮುಂದೆ ನಿಂತು, "ನಾ ಕಟ್ಟಿಲ್ಲ ಅಂತ ಬರದಾರೇನ್ರೀ?" ಅಂದಳು. ತೀರ್ಪಿನ ಆ ಭಾಗ ತೆಗೆದು ಕನ್ನಡದಲ್ಲಿ ಓದಿ ಹೇಳಿದೆ: ಬೆಲ್ಟನ್ನು ಗಾಯಾಳು ಕಟ್ಟಿದ್ದಲ್ಲ, ಆಕೆ ಕೆಲಸಕ್ಕೆ ಸೇರುವ ಮೊದಲೇ ಅದು ಅಲ್ಲಿತ್ತು, ಅದು ಮಾಲೀಕನಿಗೆ ತಿಳಿದಿತ್ತು. "ಇನ್ನೊಮ್ಮೆ ಓದ್ರಿ" ಅಂದಳು. ಓದಿದೆ. ನೀಲಮ್ಮನನ್ನ ಕರೆದು, "ಇನ್ನೊಮ್ಮೆ ರೀ, ಇಕಿ ಕೇಳಲಿ" ಅಂದಳು. ಮತ್ತೆ ಓದಿದೆ. ಸರ್ವಿಸಿನಲ್ಲಿ ನಾನು ಅಷ್ಟು ಸಂತೋಷದಿಂದ ಯಾವ ತೀರ್ಪನ್ನೂ ಓದಿಲ್ಲ.

ನನಗೆ ನಿವೃತ್ತಿಯಾಯ್ತು. ಮೇಲ್ಮನವಿಯಲ್ಲೂ ತೀರ್ಪು ನಿಂತು, ಫೋನು ಅವಳ ಕೈಗೆ ವಾಪಸ್ ಹೋಯ್ತು ಅಂತ ತಿಳೀತು. ಹೋದ ಆಯುಧಪೂಜೆಗೆ ಒಂದು ಕರೆ. "ಮೇಡಂ, ನಾ ಹುಲಿಗೆಮ್ಮ. ಜಿಗಣ್ಯಾಗ ಕೆಲಸ ಸಿಕ್ಕೈತಿ. ಪೂಜೆಗೆ ನೀವು ಬರಾಕ ಬೇಕು." ಬಸ್ಸು ಬದಲಾಯಿಸಿ ಬದಲಾಯಿಸಿ ಪೀಣ್ಯದಿಂದ ಜಿಗಣಿಗೆ ಹೋಗೋದು ಅಂದ್ರೆ ಒಂದು ಯಾತ್ರೆ. ಬೈಕೊಳ್ತಾನೇ ಹೋದೆ. ಹೋಗದೇ ಇರೋಕಾಗುತ್ತಾ?

ಅಲ್ಲಿ ಅವಳ ಕೆಲಸ ತಯಾರಾದ ಭಾಗಗಳನ್ನ ನೋಡಿ ಬೇರ್ಪಡಿಸೋದು. ಪೂಜೆ ಮುಗಿದಿತ್ತು. ನನ್ನ ಕೈ ಹಿಡಿದು ಒಳಗೆ ಕರ್ಕೊಂಡು ಹೋಗಿ, ಅಲ್ಲಿನ ಪ್ರೆಸ್ ಮಷೀನೊಂದರ ಮುಂದೆ ನಿಲ್ಲಿಸಿದಳು. ಹಳದಿ ಜಾಲರಿ, ಎರಡು ಬಟನ್, ಎರಡರ ಮೇಲೂ ಕುಂಕುಮ. ನಾನು ಬಗ್ಗಿ ನೋಡಿದೆ. ನನ್ನ ಬುದ್ಧಿ ಎಲ್ಲಿ ಹೋಗುತ್ತೆ!

"ಬೆಲ್ಟಿಲ್ರೀ" ಅಂತ ನಕ್ಕಳು. "ದಿನಾ ಬಂದ ಕೂಡ್ಲೇ ಮೊದಲು ಅದನ್ನ ನೋಡ್ತೀನಿ."

ಆಮೇಲೆ ಗಾಜು ಒಡೆದ ಅದೇ ಹಳೇ ಫೋನು ನನ್ನ ಕೈಗೆ ಕೊಟ್ಟಳು. ಮಷೀನಿನ ಪಕ್ಕ ನಿಂತು, ಹೂವು ಸರಿ ಮಾಡ್ಕೊಂಡು, ಸೆರಗನ್ನ ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ಬಲಗೈ ಎತ್ತಿ ಮಷೀನಿನ ನೆತ್ತಿಯ ಮೇಲಿಟ್ಟಳು. ಹೆಬ್ಬೆರಳೊಂದು, ಮಣಿಕಟ್ಟಿನ ತುಂಬ ಹಸಿರು ಬಳೆ.

"ತೆಗೀರಿ ಮೇಡಂ. ಕೈ ಕಾಣಬೇಕು ನೋಡ್ರಿ."

ಮೊದಲನೇದು ಮಸುಕಾಯ್ತು. ಎರಡನೇದು ಚೆನ್ನಾಗಿ ಬಂತು. ಅವಳು ಅದನ್ನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, ಅಲ್ಲೇ ನಿಂತು ಊರಿಗೆ ಕಳಿಸಿದಳು.